ಕಾಡಿನ ಜೇಕು ಗುರುತಿಸಲು ಬೆರಳೋ, ಫೋನೋ, ಲೆನ್ಸೋ?

ಮಳೆ ಬಿಟ್ಟ ಮೇಲೆ ಸಂಡೂರಿನ ಕಾಡಿಗೆ ಹೋಗಿದ್ದೆ. ಮರದ ನೆರಳಲ್ಲಿ, ಕೆಂಪು ಮಣ್ಣಿನ ಮೇಲೆ ಒಂದು ಹುಲ್ಲಿನ ಹಿಂಡು ಕಂಡಿತು. ಮೊಣಕಾಲೆತ್ತರ, ತುದಿಯಲ್ಲಿ ಕಂದು ಬಣ್ಣದ ಪುಟ್ಟ ತೆನೆಗಳು. ಅದರ ಹೆಸರು ತಿಳಿಯಲೇಬೇಕು ಅನ್ನಿಸಿತು.

ಮೊದಲು ಬೆರಳನ್ನೇ ನಂಬಿದೆ. ಹುಲ್ಲಿನಂತೆಯೇ ಕಾಣುವ ಜೇಕಿನ ಜಾತಿಗೆ ದಂಟು ಮೂರು ಮೂಲೆ, ಹುಲ್ಲಿಗೆ ಗುಂಡು ಅನ್ನುತ್ತಾರೆ ಅಲ್ವಾ? ಹೊಸಕಿ ನೋಡಿದರೆ ಮೂಲೆಯೇ ಸಿಗಲಿಲ್ಲ, ಸ್ವಲ್ಪ ಚಪ್ಪಟೆ ಅಷ್ಟೇ. ಎಲೆ ಬಾಗುವ ಕಡೆ ಹುಲ್ಲಿಗಿರುವಂಥ ಸಣ್ಣ ರೋಮದ ಸಾಲೂ ಇತ್ತು. ಹುಲ್ಲೇ ಅಂದುಕೊಂಡೆ. ಆಮೇಲೆ ಬುಡದಿಂದ ತುದಿಯವರೆಗೆ ಉಗುರು ಎಳೆದೆ, ಹುಲ್ಲಿಗಿರುವಂಥ ಗೆಣ್ಣು ಒಂದೂ ಇಲ್ಲ. ಬ್ಲೇಡಿನಿಂದ ಕೊಯ್ದರೆ ಒಳಗೆ ಬೆಂಡು. ದಂಟು ಸುತ್ತಿದ ಎಲೆಯ ಬುಡ ಸೀಳಿರಲಿಲ್ಲ, ಕೊಳವೆಯ ಹಾಗೆ ಮುಚ್ಚಿತ್ತು. ಜೇಕಿನ ಬಳಗವೇ ಸರಿ. ಮೂಲೆಗಿಂತ ಗೆಣ್ಣು ನೋಡುವುದೇ ವಾಸಿ.

ಫೋನಿನ ಆಪ್ ಮೂರು ಫೋಟೋಗೆ ಮೂರು ಹೆಸರು ಹೇಳಿತು. ಅದರಲ್ಲೊಂದು ನಮ್ಮ ಹೊಲದ ಜೇಕು, ಅಂದರೆ ಸೈಪರಸ್ ರೊಟಂಡಸ್. ಗಂಗಾವತಿ ಕಡೆ ಕಳೆ ಕಿತ್ತವರು ಯಾರೂ ಇದನ್ನು ಒಪ್ಪುವುದಿಲ್ಲ. ಆ ಜೇಕನ್ನು ಅಗೆದರೆ ದಾರಕ್ಕೆ ಪೋಣಿಸಿದಂತೆ ಗಡ್ಡೆಗಳು ಬರುತ್ತವೆ. ಇಲ್ಲಿ ಒಂದು ದಂಟನ್ನು ಬೇರುಸಮೇತ ತೆಗೆದೆ. ಗಡ್ಡೆಯೂ ಇಲ್ಲ, ಹರಿಯುವ ಬೇರೂ ಇಲ್ಲ. ಎಲ್ಲ ಒಂದೇ ಬುಡದಲ್ಲಿ ಒತ್ತಾಗಿ ಎದ್ದಿದ್ದವು.

ಕೊನೆಗೆ ಗೆದ್ದದ್ದು ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸು. ಸೈಪರಸ್ ತೆನೆಯಲ್ಲಿ ಹೊಟ್ಟು ಎರಡು ಸಾಲಾಗಿ ಜಡೆಯಂತೆ ಕೂರುತ್ತದೆ. ಇದರಲ್ಲಿ ಸುತ್ತಲೂ ಸುರುಳಿಯಾಗಿ ಕೂತಿತ್ತು. ಹೂವಿನ ಚಪ್ಪಟೆ ಶಲಾಕೆಯ, ಅಂದರೆ ಕಾಯಾಗುವ ಭಾಗದ ಮೇಲೆ ನಿಂತ ಕಡ್ಡಿಯ, ಅಂಚಿಗೆ ಸೆರಗಿನ ಕುಚ್ಚಿನಂಥ ರೋಮ, ತುದಿಯಲ್ಲಿ ಎರಡು ಕವಲು. ಕಾಯಿ ಎಳ್ಳಿಗಿಂತ ಎಷ್ಟೋ ಸಣ್ಣದು. ಮೈಮೇಲೆ ಉದ್ದಕ್ಕೆ ಏಣು, ನಡುವೆ ಅಡ್ಡಗೆರೆ, ಥೇಟ್ ಪುಟ್ಟ ಏಣಿಗಳನ್ನು ಸಾಲಾಗಿ ನಿಲ್ಲಿಸಿದಂತೆ! ಅಷ್ಟು ಕಂಡ ಮೇಲೆ ಅನುಮಾನ ಉಳಿಯಲಿಲ್ಲ. ಅದು ಫಿಂಬ್ರಿಸ್ಟೈಲಿಸ್ ಡೈಕೋಟೋಮ. ಲ್ಯಾಟಿನ್ನಿನಲ್ಲಿ ಫಿಂಬ್ರಿಯಾ ಅಂದರೆ ಕುಚ್ಚು, ಕುಲಕ್ಕೆ ಹೆಸರು ಬಂದದ್ದೇ ಆ ರೋಮದಿಂದ.

ಲೆನ್ಸು ಹಿಡಿಯುವವರು ಪೂರ್ತಿ ಒಣಗಿದ ತೆನೆ ತರಬೇಡಿ, ಅದರಲ್ಲಿ ಶಲಾಕೆ ಉದುರಿರುತ್ತದೆ. ತೆನೆ ಕೆಳಗಿನಿಂದ ಮೇಲಕ್ಕೆ ಬಲಿಯುತ್ತದೆ. ಅರ್ಧ ಬಲಿತದ್ದು ಸಿಕ್ಕರೆ ಕೆಳಗೆ ಕಾಯಿ, ಮೇಲೆ ಹೂವು, ಎರಡೂ ಒಂದರಲ್ಲೇ ಸಿಗುತ್ತವೆ.