ಕ್ರೂಗರ್ ಸಫಾರಿ: ನಾವೇ ಕಾರು ಓಡಿಸುವುದೋ, ಖಾಸಗಿ ಲಾಡ್ಜೋ?

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವಾಗ ಬಾಡಿಗೆ ಕಾರಿನಲ್ಲಿ ನಾವೇ ಸುತ್ತುವುದು ಒಳ್ಳೆಯದೋ, ಪಕ್ಕದ ಸಾಬಿ ಸ್ಯಾಂಡ್ಸ್ ಖಾಸಗಿ ಅರಣ್ಯದ ಲಾಡ್ಜ್ ಒಳ್ಳೆಯದೋ ಎಂದು ಕೇಳಿದ್ದೀರಿ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಲಾಡ್ಜ್‌ನ ಒಂದು ರಾತ್ರಿಯ ಬೆಲೆಗೆ ಕಾರಿನವರು ಉಳಿಯುವ, ಉದ್ಯಾನದೊಳಗಿನ ಸ್ಕುಕುಝಾ, ಸಟಾರಾದಂಥ ಸರ್ಕಾರಿ ಕ್ಯಾಂಪ್‌ಗಳಲ್ಲಿ ಹಲವು ದಿನ ಕಳೆಯಬಹುದು. ಅಲ್ಲಿನ ಹೆಚ್ಚಿನ ಕಾಟೇಜ್‌ಗಳಲ್ಲಿ ಅಡುಗೆಗೆ ಅನುಕೂಲವಿದೆ. ಸಸ್ಯಾಹಾರಿಗಳಿಗೆ ಇದು ದೊಡ್ಡ ನೆಮ್ಮದಿ.

ಪ್ರಾಣಿ ನೋಡುವ ವಿಷಯಕ್ಕೆ ಬಂದರೆ ವ್ಯತ್ಯಾಸ ನಿಜಕ್ಕೂ ದೊಡ್ಡದು. ಸ್ವಂತ ಡ್ರೈವಿಂಗ್‌ನಲ್ಲಿ ರಸ್ತೆ ಬಿಡುವಂತಿಲ್ಲ, ಕಾರಿನಿಂದ ಇಳಿಯುವಂತಿಲ್ಲ. ಡಾಂಬರಿನ ಮೇಲೆ 50, ಮಣ್ಣುರಸ್ತೆಯಲ್ಲಿ 40 ಕಿ.ಮೀ. ವೇಗದ ಮಿತಿ, ಕತ್ತಲಾಗುವ ಮೊದಲೇ ಗೇಟು ಮುಚ್ಚುತ್ತದೆ. ಹುಲ್ಲಿನಲ್ಲಿ ಮಲಗಿದ ಸಿಂಹದ ಕಿವಿಯ ತುದಿಯಷ್ಟೇ ಕಂಡರೆ ಅಷ್ಟಕ್ಕೇ ತೃಪ್ತಿಪಡಬೇಕು. ಲಾಡ್ಜ್‌ನ ತೆರೆದ ಜೀಪಿನಲ್ಲಾದರೆ ಬಾನೆಟ್ ಮುಂದಿನ ಸೀಟಿನಲ್ಲಿ ಕುಳಿತ ಟ್ರ್ಯಾಕರ್ ಮರಳಿನ ಹೆಜ್ಜೆಗುರುತು ನೋಡುತ್ತಾ ಪೊದೆಯೊಳಗೇ ದಾರಿ ತೋರಿಸುತ್ತಾನೆ, ಕತ್ತಲಾದ ಮೇಲೂ ಸಫಾರಿ ಮುಂದುವರಿಯುತ್ತದೆ. ಚಿರತೆಯೇ ಮುಖ್ಯ ಆಸೆಯಾದರೆ ಖಂಡಿತ ಸಾಬಿ ಸ್ಯಾಂಡ್ಸ್.

ಆದರೆ ನೀರಿನ ಹೊಂಡದ ಬಳಿ ಇಂಜಿನ್ ಆಫ್ ಮಾಡಿ, ಆನೆಮರಿ ನೀರು ಕುಡಿಯಲು ಕಲಿಯುವುದನ್ನು ಬೇಕಾದಷ್ಟು ಹೊತ್ತು ನೋಡುವ ಸ್ವಾತಂತ್ರ್ಯ ಕಾರಿನವರಿಗೇ ಹೆಚ್ಚು. ನನಗದು ಬಹಳ ಪ್ರಿಯ. ಪುಟ್ಟ ಮಕ್ಕಳಿದ್ದರೂ ಕಾರೇ ವಾಸಿ, ಅನೇಕ ಲಾಡ್ಜ್‌ಗಳು ಆರು ವರ್ಷದೊಳಗಿನವರನ್ನು ಜೀಪಿಗೆ ಹತ್ತಿಸುವುದಿಲ್ಲ. ವಯಸ್ಸಾದ ತಂದೆ-ತಾಯಿಯ ಜೊತೆ, ಕಡಿಮೆ ದಿನಗಳಿಗೆ ಹೋಗುವವರಿಗೆ ಲಾಡ್ಜ್ ಸುಲಭ.

ಎರಡೂ ಬೇಕೆನಿಸಿದರೆ ಮೊದಲು ಕ್ಯಾಂಪ್, ಕೊನೆಗೆ ಎರಡು ರಾತ್ರಿ ಲಾಡ್ಜ್. ಕ್ಯಾಂಪ್‌ನವರೇ ನಡೆಸುವ ಸಂಜೆ ಸಫಾರಿಯೂ ಇದೆ, ಮುಂಚೆಯೇ ಬುಕ್ ಮಾಡಿ.