ಅರ್ಕಾ ಅಭೇದ್ ಟೊಮೆಟೊ: ಹಾಸನ, ಚಿಕ್ಕಮಗಳೂರಿನ ಹಿತ್ತಿಲಿಗೆ ಒಗ್ಗುತ್ತದೆಯೇ?

ಮಳೆಗಾಲಕ್ಕೆ ಟೊಮೆಟೊ ಹಾಕಬೇಕು ಅನ್ನುವವರು ಬೀಜದಂಗಡಿಯಲ್ಲಿ ಮೊದಲು ಕೇಳುವುದು ಅರ್ಕಾ ರಕ್ಷಕ್. ಹೆಸರು ಮಾಡಿದ ತಳಿ, ಕೇಳಿದರೆ ತಪ್ಪೇನಿಲ್ಲ. ಆದರೆ ಆಷಾಢದ ಜಿಟಿಜಿಟಿ ಮಳೆ ಹಿಡಿದು ವಾರ ಕಳೆಯುವುದರೊಳಗೆ ಗಿಡವೆಲ್ಲ ಬೆಂಕಿ ತಗುಲಿದ ಹಾಗೆ ಕಪ್ಪಾದಾಗ, ‘ರೋಗ ಬರಲ್ಲ ಅಂದಿದ್ರು, ಬೀಜವೇ ಮೋಸ’ ಅನ್ನುವ ಮಾತು ಬರುತ್ತದೆ. ಬೀಜದಲ್ಲಿ ಮೋಸವಿಲ್ಲ. ರಕ್ಷಕ್ ತಡೆಯುವ ಅಂಗಮಾರಿ (ಗಿಡ ಸುಟ್ಟಂತಾಗುವ ರೋಗ) ಬೇರೆ, ನಮ್ಮ ಮಳೆಗಾಲ ತರುವ ಅಂಗಮಾರಿ ಬೇರೆ. ಈ ಎರಡನೆಯದಕ್ಕೂ ತಡೆ ಇರುವುದು ರಕ್ಷಕ್ ಕೊಟ್ಟ ಸಂಸ್ಥೆಯೇ ತಂದ ಅರ್ಕಾ ಅಭೇದ್‌ಗೆ. ನಮ್ಮ ಎರಡು ಜಿಲ್ಲೆಯ ಕೈತೋಟಕ್ಕೆ ಕೊಳ್ಳಬೇಕಾದ ಬೀಜ ಇದು, ಕೆಲವು ಷರತ್ತುಗಳ ಮೇಲೆ.

ಎರಡೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎಫ್-1 (ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ) ಹೈಬ್ರಿಡ್‌ಗಳು. ರಕ್ಷಕ್‌ಗೆ ಎಲೆ ಮುಟುರು ನಂಜುರೋಗ, ದುಂಡಾಣು ಸೊರಗು ರೋಗ ಮತ್ತು ಬೇಗ ಬರುವ ಅಂಗಮಾರಿ, ಈ ಮೂರರ ನಿರೋಧಕ ಶಕ್ತಿ ಇದೆ. ಅಭೇದ್‌ಗೆ ಇವುಗಳ ಜೊತೆ ತಡವಾಗಿ ಬರುವ ಅಂಗಮಾರಿಯ ತಡೆಯೂ ಸೇರಿದೆ. ಪಿಎಚ್-2, ಪಿಎಚ್-3 ಎಂಬ ಎರಡು ಜೀನುಗಳನ್ನು ಒಂದೇ ಗಿಡದಲ್ಲಿ ಕೂಡಿಸಿ ಇದನ್ನು ಸಾಧಿಸಿದ್ದಾರೆ. ಹಣ್ಣು 90ರಿಂದ 100 ಗ್ರಾಂ, ಬೆಳೆ 140ರಿಂದ 150 ದಿನ.

ಎರಡು ಅಂಗಮಾರಿಗಳನ್ನು ಕಣ್ಣಲ್ಲೇ ಬೇರೆ ಮಾಡಲು ಬರಬೇಕು, ಇಲ್ಲದಿದ್ದರೆ ಮುಂದೆ ಹೇಳುವ ಹಿತ್ತಿಲ ಪರೀಕ್ಷೆಗೆ ಅರ್ಥವಿಲ್ಲ. ಬೇಗ ಬರುವುದು ಬುಡದ ಹಳೇ ಎಲೆಯಲ್ಲಿ ಶುರುವಾಗುತ್ತದೆ. ಕಂದು ಚುಕ್ಕೆಯೊಳಗೆ ಬಳೆಯೊಳಗೆ ಬಳೆ ಇಟ್ಟ ಹಾಗೆ ಉಂಗುರಗಳು, ಸುತ್ತ ಹಳದಿ. ಸೆಕೆ ಮತ್ತು ತೇವ ಎರಡೂ ಇದ್ದಾಗ, 24ರಿಂದ 29 ಡಿಗ್ರಿಯಲ್ಲಿ, ಚೆನ್ನಾಗಿ ಹಬ್ಬುತ್ತದೆ. ತಡವಾಗಿ ಬರುವುದಕ್ಕೆ ತಂಪು ಬೇಕು. 15ರಿಂದ 20 ಡಿಗ್ರಿ, ಶೇ 90ಕ್ಕಿಂತ ಹೆಚ್ಚು ತೇವಾಂಶ, ಎಲೆ ಹತ್ತಾರು ಗಂಟೆ ಒದ್ದೆ. ಜುಲೈ ತಿಂಗಳ ಸಕಲೇಶಪುರವೆಂದರೆ ಇದೇ ತಾನೇ! ಬಿಸಿನೀರು ಎರಚಿದ ಹಾಗೆ ಹಸಿರುಗಪ್ಪು ಕಲೆ ಎಲೆಯ ಅಂಚಿನಿಂದ ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಎಲೆ ಮಗುಚಿ ನೋಡಿದರೆ, ಕಲೆ ಮುಗಿದು ಹಸಿರು ಶುರುವಾಗುವ ಗೆರೆಯುದ್ದಕ್ಕೂ ಹಿಟ್ಟು ಉದುರಿದಂಥ ಬಿಳಿ ಬೂಷ್ಟು. ಬಿಸಿಲೇರಿದ ಮೇಲೆ ಅದು ಕಾಣುವುದಿಲ್ಲ. ಕಾಂಡದಲ್ಲಿ ಕಪ್ಪು ಪಟ್ಟಿ, ಕಾಯಿಯ ಹೆಗಲ ಮೇಲೆ ಎಣ್ಣೆ ಹಚ್ಚಿದಂಥ ಗಟ್ಟಿ ಕಂದು ಮಚ್ಚೆ. ಕಾಯಿಯ ತಳ ಮಾತ್ರ ಕಪ್ಪಾಗಿ ಒಳಗೆ ಕುಸಿದಿದ್ದರೆ ಅದು ಅಂಗಮಾರಿಯಲ್ಲ; ನೀರು ಏರುಪೇರಾಗಿ ಕಾಯಿಗೆ ಕ್ಯಾಲ್ಸಿಯಂ ತಲುಪದೆ ಬರುವ ತಳಕೊಳೆ.

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಹಾಳುಗೆಡವಿದ್ದು ಈ ತಡ ಅಂಗಮಾರಿಯೇ. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೂ ಇದರ ಪರಿಚಯ ಚೆನ್ನಾಗಿಯೇ ಇದೆ. ಅದರ ಬೀಜಾಣು ಗಾಳಿಯಲ್ಲಿ ಬರುವುದರಿಂದ ಪಕ್ಕದ ಹೊಲದ ಆಲೂಗೆಡ್ಡೆಗೆ ಬಿದ್ದರೆ ನಿಮ್ಮ ಹಿತ್ತಿಲಿಗೆ ದೂರವೇನಿಲ್ಲ. ಹಿಂದಿನ ಬೆಳೆಯ ಗೆಡ್ಡೆ ಮಡಿಯಲ್ಲಿ ಉಳಿದು ತಾನೇ ಚಿಗುರಿದರೆ ಕಿತ್ತು ಬಿಸಾಡಿ. ರೋಗ ಜೀವ ಹಿಡಿದು ಕೂರುವುದು ಅಲ್ಲಿಯೇ.

ತಳಿ ನಿಜಕ್ಕೂ ತಡೆಯುತ್ತದೆಯೇ ಎಂದು ನೋಡಲು ಹದಿನೈದು ಗಿಡ ಸಾಕು: ಆರು ಅಭೇದ್, ಆರು ರಕ್ಷಕ್, ಮೂರು ನಾಟಿ ತಳಿ. ನಾಟಿ ಗಿಡ ಇಲ್ಲದಿದ್ದರೆ, ಅಭೇದ್ ಉಳಿದದ್ದು ತಳಿಯ ಬಲದಿಂದಲೋ ಆ ವರ್ಷ ರೋಗವೇ ಬಾರದ್ದರಿಂದಲೋ ಗೊತ್ತಾಗುವುದಿಲ್ಲ. ಒಂದೊಂದು ತಳಿಯನ್ನು ಒಂದೊಂದು ಮೂಲೆಗೆ ಗುಂಪಾಗಿ ಹಾಕಬೇಡಿ, ಒಂದೇ ಸಾಲಿನಲ್ಲಿ ಬೆರೆಸಿ ನೆಡಿ. ಮಳೆ ಆಸರೆಯ ಪ್ಲಾಸ್ಟಿಕ್ ಅಡಿ ಎಲೆ ಮಳೆಗೆ ನೆನೆಯುವುದೇ ಇಲ್ಲ, ಹಾಗಾಗಿ ಅಲ್ಲಿ ಪರೀಕ್ಷೆ ಬೇಡ. ಮೇ ನಡುವೆ ಟ್ರೇಯಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಬೀಜ ಹಾಕಿದರೆ 25 ದಿನಕ್ಕೆ ಸಸಿ ಸಿದ್ಧ. ಒಂದು ಅಡಿ ಎತ್ತರದ ಏರುಮಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ, ಸಾಲಿನ ನಡುವೆ ಮೂರು ಅಡಿಗೆ ಕಡಿಮೆ ಬೇಡ. ಮಲೆನಾಡಿನ ಮಣ್ಣು ಹುಳಿಯಾದ್ದರಿಂದ ಸಸಿ ನೆಡುವ ತಿಂಗಳು ಮೊದಲೇ ಸುಣ್ಣ ಬೆರೆಸಿ. ಗಿಡಕ್ಕೆ ಗೂಟ ಕೊಟ್ಟು ಕಟ್ಟಿ, ಮೊದಲ ಗೊಂಚಲು ಕಾಯಿ ಕಚ್ಚಿದ ಮೇಲೆ ನೆಲದಿಂದ ಒಂದು ಅಡಿವರೆಗಿನ ಎಲೆ ತೆಗೆಯಿರಿ. ಯೂರಿಯಾ ಸುರಿದರೆ ಎಲೆ ದಟ್ಟವಾಗಿ, ಒಳಗೆ ಗಾಳಿಯಾಡದೆ, ಯಾವ ನಿರೋಧಕ ತಳಿಯೂ ಸೋಲುತ್ತದೆ.

ಐದು ದಿನಕ್ಕೊಮ್ಮೆ ಪ್ರತಿ ಗಿಡ ನೋಡಿ ಎರಡು ವಿಷಯ ಬರೆದಿಡಿ: ಮೊದಲ ಚುಕ್ಕೆ ಕಂಡ ದಿನ, ಎಲೆಯಲ್ಲಿ ಸುಟ್ಟ ಭಾಗ ಶೇಕಡಾ ಎಷ್ಟು. ಅಭೇದ್‌ನಲ್ಲೂ ಚುಕ್ಕೆ ಬೀಳುತ್ತದೆ. ನಿರೋಧಕ ಶಕ್ತಿ ಇರುವ ಗಿಡದಲ್ಲಿ ಚುಕ್ಕೆ ಸಣ್ಣದಾಗಿ ಉಳಿದು ನಿಧಾನವಾಗಿ ಹಿಗ್ಗುತ್ತದೆ, ಬೂಷ್ಟು ಕಡಿಮೆ. ಆದ್ದರಿಂದ ತಾಳೆ ನೋಡಬೇಕಾದ್ದು ಅರ್ಧ ಗಿಡ ಸುಡಲು ಹಿಡಿದ ದಿನಗಳನ್ನು. ಒಂದು ಚುಕ್ಕೆ ಕಂಡ ಕೂಡಲೇ ತಳಿ ಸೋತಿತು ಎಂದು ಬರೆಯುವುದು ಅದಕ್ಕೆ ಮಾಡುವ ಅನ್ಯಾಯ.

ತಳಿ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬೇಕೇ ಬೇಕು. ಪರೀಕ್ಷೆಗೆ ಬಿಟ್ಟ ಗಿಡಗಳಿಗೆ ಹೊಡೆಯಬೇಡಿ, ಊಟಕ್ಕೆ ಬೆಳೆದವಕ್ಕೆ ಮಳೆ ಹಿಡಿಯುವ ಮೊದಲೇ ಹೊಡೆಯಿರಿ. ಕಾಫಿ, ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪೇಟೆಯ ಹಿತ್ತಿಲಿನವರಿಗಾಗಿ ಹತ್ತು ಲೀಟರಿನ ಲೆಕ್ಕ. 100 ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೈದು ಲೀಟರಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಸುಣ್ಣವನ್ನು ತುತ್ತಕ್ಕೆ ಸುರಿದರೆ ದ್ರಾವಣ ಒಡೆಯುತ್ತದೆ. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಎಳೇ ಸಸಿಗೆ ಇದರ ಅರ್ಧ ಕಡುಪು ಸಾಕು. ಮಾಡಿದ ದಿನವೇ ಹೊಡೆದು ಮುಗಿಸಿ.

ಬುಡದಲ್ಲಿ ನೀರಿದ್ದೂ ಹಸಿರು ಗಿಡ ಎರಡು ಮೂರು ದಿನದಲ್ಲಿ ಜೋತುಬಿದ್ದರೆ ಅಂಗಮಾರಿಯ ಮೇಲೆ ಹಾಕಬೇಡಿ. ಬುಡದ ಕಾಂಡ ಅಡ್ಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಿ; ತುದಿಯಿಂದ ಹಾಲಿನ ಎಳೆ ಇಳಿದರೆ ದುಂಡಾಣು ಸೊರಗು ರೋಗ. ನಾಟಿ ಗಿಡ ಹೀಗೆ ಹೋಗಿ ಪಕ್ಕದ ಅಭೇದ್ ನಿಂತಿದ್ದರೆ, ತಳಿಯ ಇನ್ನೊಂದು ಗುಣವನ್ನೂ ಕಣ್ಣಾರೆ ನೋಡಿದ ಹಾಗಾಯಿತು. ಕಾಯಿಕೊರಕ, ಎಲೆ ಸುರಂಗ ಹುಳಕ್ಕೆ ಈ ತಳಿಯಲ್ಲಿ ಯಾವ ತಡೆಯೂ ಇಲ್ಲ.

ರುಚಿಯಲ್ಲಿ ಅಭೇದ್‌ಗೆ ಪೂರ್ತಿ ಅಂಕ ಕೊಡಲಾಗದು. ಗಟ್ಟಿ ಹಣ್ಣು, ಲಾರಿಯಲ್ಲಿ ದೂರ ಹೋದರೂ ಒಡೆಯದು, ಗೊಜ್ಜಿಗೆ, ಪಲ್ಯಕ್ಕೆ ಒಳ್ಳೆಯದು. ಸಾರು ಮಾಡಲು ಮಾತ್ರ ನಾಟಿಯ ಹುಳಿಯೇ ಬೇಕು. ಅಭೇದ್‌ನಲ್ಲೇ ಮಾಡುವುದಾದರೆ ಹುಣಸೆಹಣ್ಣು ತುಸು ಹೆಚ್ಚು ಹಾಕಬೇಕಾದೀತು.

ಬೇಲೂರು, ಆಲೂರು, ಹಾಸನ, ಚಿಕ್ಕಮಗಳೂರು ಪೇಟೆಯ ಸುತ್ತಮುತ್ತ ಜೂನ್ ನಾಟಿಗೆ ಅಭೇದ್ ಹಾಕಿ. ಅರಸೀಕೆರೆ, ಕಡೂರಿನ ಬಯಲಲ್ಲಿ ಮುಟುರು ರೋಗ, ಬೇಗ ಬರುವ ಅಂಗಮಾರಿಯ ಕಾಟವೇ ಜಾಸ್ತಿ. ಅಲ್ಲಿ ರಕ್ಷಕ್ ಸಾಕು. ಶೃಂಗೇರಿ, ಕೊಪ್ಪದ ಮಳೆಗೆ ತೆರೆದ ಜಾಗದಲ್ಲಿ ಟೊಮೆಟೊ ಹಾಕುವುದೇ ಬೇಡ. ಬೇರು ಕೊಳೆಯುತ್ತದೆ, ಹೂ ಉದುರುತ್ತದೆ, ಅದಕ್ಕೆ ಯಾವ ಜೀನೂ ಅಡ್ಡ ಬರುವುದಿಲ್ಲ. ಮಳೆ ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ನೆಡಿ.

ಬೀಜ ಹೆಸರಘಟ್ಟದ ಸಂಸ್ಥೆಯಲ್ಲಿ, ಅದರ ಆನ್‌ಲೈನ್ ಮಾರಾಟದಲ್ಲಿ ಸಿಗುತ್ತದೆ. ಒಂದು ಗ್ರಾಂಗೆ ಸುಮಾರು 300 ಬೀಜ ಇರುವುದರಿಂದ 10 ಗ್ರಾಂ ಪೊಟ್ಟಣ ಒಂದು ಮನೆಗೆ ಬಹಳ ಹೆಚ್ಚಾಯಿತು. ನಾಲ್ಕಾರು ಮನೆಯವರು ಸೇರಿ ಕೊಂಡು ಹಂಚಿಕೊಳ್ಳಿ. ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಮುಂದಿನ ಮಳೆಗಾಲಕ್ಕೆ ಅದೇ ಬೀಜ ಬರುತ್ತದೆ. ಹಣ್ಣಿನಿಂದ ತೆಗೆದ ಬೀಜ ಬಿತ್ತಬೇಡಿ. ಹೈಬ್ರಿಡ್ ಆದ್ದರಿಂದ ಮರುಪೀಳಿಗೆಯಲ್ಲಿ ಗುಣಗಳು ಚದುರಿ, ಒಂದೇ ಮಡಿಯಲ್ಲಿ ಒಂದು ಗಿಡ ನಿಂತರೆ ಪಕ್ಕದ್ದು ಸುಡುತ್ತದೆ.