ಮೋಟರ್‌ಹೋಮ್ ಟಿವಿ: ಪರದೆ ಆಮೇಲೆ ನೋಡಿ, ಮೊದಲು ವೈರು ನೋಡಿ

ಮೋಟರ್‌ಹೋಮ್‌ನಲ್ಲಿ ಟಿವಿಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ನಾಲ್ಕು ಸ್ಕ್ರೂ ಬಿಚ್ಚಿ ಹೊಸದನ್ನು ಕೂರಿಸಿದರೆ ಮುಗಿಯಿತು. ಆದರೆ ಚಾವಣಿಗೆ ತೂತು ಕೊರೆದು ಆಂಟೆನಾ ಹಾಕಿಸುವುದು, ಗೋಡೆಯ ಪ್ಯಾನೆಲ್ ಬಿಚ್ಚಿ ಒಳಗೆ ಕೇಬಲ್ ಎಳೆಸುವುದು ಆಮೇಲೆ ದೊಡ್ಡ ರಗಳೆ. ಹಾಗಾಗಿ ಗಾಡಿ ಕೊಳ್ಳುವಾಗ ಟಿವಿಗಿಂತ ಅದರ ಹಿಂದೆ ಏನಿದೆ ಅಂತ ನೋಡಿ. ವರ್ಷಗಟ್ಟಲೆ ಬಳಸಿದ ಮೇಲೂ ನನ್ನ ಅಭಿಪ್ರಾಯ ಇದೇ.

ಮಾರುವವರ ಪಟ್ಟಿಯಲ್ಲಿ 'ಟಿವಿ ರೆಡಿ' ಅಂತ ಬರೆದಿದ್ದರೆ ಸಾಮಾನ್ಯವಾಗಿ ಸಿಗುವುದು ಒಂದು ಬ್ರಾಕೆಟ್, ಪಕ್ಕದಲ್ಲಿ 12 ವೋಲ್ಟಿನ ಸಾಕೆಟ್, ಒಂದು ಕೇಬಲ್ ತುದಿ. ಅಷ್ಟೇ. ಆ ಕೇಬಲ್‌ನ ಇನ್ನೊಂದು ತುದಿಗೆ ಆಂಟೆನಾ ಇದೆಯಾ ಅಂತ ನೀವೇ ಕೇಳಬೇಕು. ಕೆಲವು ಗಾಡಿಗಳಲ್ಲಿ ಇರುವುದಿಲ್ಲ.

ಕರೆಂಟಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ತೊಂದರೆ ಶುರುವಾಗುವುದೇ ಇಲ್ಲಿ. ನಮ್ಮದು 24 ಇಂಚಿನ ಟಿವಿ, ಸುಮಾರು 30 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಅದು ಎರಡೂವರೆ ಆಂಪಿಯರ್. ನಾಲ್ಕು ಗಂಟೆ ನೋಡಿದರೆ ಬ್ಯಾಟರಿಯಿಂದ 10 ಆಂಪಿಯರ್-ಅವರ್ ಹೋಗುತ್ತದೆ. 100 ಆಂಪಿಯರ್-ಅವರ್‌ನ ಲೆಡ್ ಬ್ಯಾಟರಿಯಲ್ಲಿ ಧಾರಾಳವಾಗಿ ಬಳಸಬಹುದಾದದ್ದು ಅರ್ಧ ಮಾತ್ರ. ಅಂದರೆ ಐದರಲ್ಲಿ ಒಂದು ಪಾಲನ್ನು ಟಿವಿಯೇ ತಿಂದಿತು. ಲಿಥಿಯಂ ಬ್ಯಾಟರಿ ಇದ್ದರೆ ಈ ಲೆಕ್ಕ ಇಷ್ಟು ಬಿಗಿ ಇರುವುದಿಲ್ಲ.

ಮನೆಯ ಟಿವಿಯನ್ನೇ ಇನ್ವರ್ಟರ್ ಹಾಕಿ ನಡೆಸಬಹುದಲ್ವಾ ಅಂತ ಕೇಳುವವರಿದ್ದಾರೆ. ನಡೆಯುತ್ತದೆ. ಆದರೆ ಇನ್ವರ್ಟರ್ 12 ವೋಲ್ಟನ್ನು ಮನೆಯ ಕರೆಂಟಿಗೆ ಏರಿಸುತ್ತದೆ, ಟಿವಿ ಅದನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಎರಡೂ ಕಡೆ ಸೋರಿಕೆ. ಟಿವಿ ಆಫ್ ಮಾಡಿದರೂ ಇನ್ವರ್ಟರ್ ಆನ್ ಇದ್ದರೆ ಅದು ತನ್ನ ಪಾಲನ್ನು ತಿನ್ನುತ್ತಲೇ ಇರುತ್ತದೆ. ಸದಾ ಪ್ಲಗ್ ಸಿಗುವ ಕ್ಯಾಂಪ್‌ಸೈಟಿನಲ್ಲೇ ಇರುವವರಿಗೆ ಇದು ತಲೆನೋವಲ್ಲ. ಉಳಿದವರಿಗೆ ನೇರವಾಗಿ 12 ವೋಲ್ಟಿನಲ್ಲಿ ಓಡುವ ಟಿವಿಯೇ ಸರಿ.

ಅದರಲ್ಲೂ ಒಂದು ಸೂಕ್ಷ್ಮ ಇದೆ. ಹೊರಗೆ ಅಡಾಪ್ಟರ್ ಇರುವ ಚಿಕ್ಕ ಟಿವಿಗಳ ಹಿಂದೆ '12 ವೋಲ್ಟ್' ಅಂತ ಬರೆದಿರುತ್ತದೆ. ಅಡಾಪ್ಟರ್ ತೆಗೆದು ನೇರ ಬ್ಯಾಟರಿಗೆ ಕೊಟ್ಟರೆ ಟಿವಿ ಆನ್ ಕೂಡ ಆಗುತ್ತದೆ. ಆದರೆ ಗಾಡಿಯ ಕರೆಂಟು ಯಾವತ್ತೂ ಸರಿಯಾಗಿ 12 ಇರುವುದಿಲ್ಲ. ತುಂಬಿದ ಲೆಡ್ ಬ್ಯಾಟರಿ ಸುಮ್ಮನಿದ್ದಾಗ 12.7, ಚಾರ್ಜ್ ಆಗುವಾಗ 14.4ರ ಆಸುಪಾಸು, ನೀರಿನ ಪಂಪ್ ಶುರುವಾದ ಕ್ಷಣ 12ಕ್ಕಿಂತ ಕೆಳಗೂ ಇಳಿಯಬಹುದು. ಈ ಏರಿಳಿತಕ್ಕಾಗಿಯೇ ಮಾಡಿದ ಟಿವಿಯ ಲೇಬಲ್‌ನಲ್ಲಿ ಒಂದೇ ಅಂಕಿ ಇರುವುದಿಲ್ಲ, '10ರಿಂದ 30 ವೋಲ್ಟ್' ಎಂಬಂತೆ ಒಂದು ವ್ಯಾಪ್ತಿ ಇರುತ್ತದೆ. ಆ ಲೇಬಲ್ ಓದಿ. ಟ್ರಕ್ ಚಾಸಿಯ ದೊಡ್ಡ ಗಾಡಿಗಳಲ್ಲಿ 24 ವೋಲ್ಟ್ ಇರುವುದುಂಟು, ಅಲ್ಲಂತೂ ಇದು ಬೇಕೇ ಬೇಕು.

ಬ್ಯಾಟರಿಯಿಂದ ಟಿವಿಗೆ ಹೋಗುವ ವೈರ್ ತೆಳ್ಳಗೆ, ಉದ್ದಕ್ಕೆ ಇದ್ದರೆ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಟಿವಿ ಮಾತ್ರ ತಾನಾಗಿ ಆಫ್ ಆಗುತ್ತದೆ. ಜನ ಟಿವಿಯನ್ನು ಬೈಯುತ್ತಾರೆ, ತಪ್ಪು ವೈರಿನದು. ಗಾಡಿ ನೋಡಲು ಹೋದಾಗ ಟಿವಿ ಆನ್ ಮಾಡಿಸಿ, ಪಂಪ್ ಓಡಿಸಿ, ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಆಮೇಲೆ ಬ್ಯಾಟರಿಯ ಬಳಿಯೂ ನೋಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗಾಡಿ ತೆಗೆದುಕೊಳ್ಳುವ ಮೊದಲೇ ಸರಿ ಮಾಡಿಸಿ. ನಮ್ಮ ಗಾಡಿಯ ಬೆಡ್‌ರೂಮ್ ಸಾಕೆಟ್‌ಗೆ ದಪ್ಪ ವೈರ್ ಹಾಕಿಸಿದ ಮೇಲೆಯೇ ಅಲ್ಲಿ ಟಿವಿ ನಿಂತು ನಡೆದದ್ದು.

ಇನ್ನು ಚಾನೆಲ್‌ಗಳು. ಚಾವಣಿಯ ಮೇಲೆ ತಟ್ಟೆಯಂತಿರುವ ಆಂಟೆನಾ ಎಲ್ಲ ದಿಕ್ಕಿನಿಂದಲೂ ಸಿಗ್ನಲ್ ಹಿಡಿಯುತ್ತದೆ, ತಿರುಗಿಸುವ ಕೆಲಸ ಇಲ್ಲ. ಟವರ್ ದೂರ ಇದ್ದರೆ ಮಾತ್ರ ಕೈಕೊಡುತ್ತದೆ. ಕಡ್ಡಿಗಳ ಸಾಲಿರುವ ಆಂಟೆನಾವನ್ನು ಟವರಿನ ದಿಕ್ಕಿಗೆ ತಿರುಗಿಸಬೇಕು. ಕೆಲವೆಡೆ ಅಡ್ಡ ಮಲಗಿಸಬೇಕು, ಕೆಲವೆಡೆ ಲಂಬವಾಗಿ ನಿಲ್ಲಿಸಬೇಕು. ಸುತ್ತಲಿನ ಮನೆಗಳ ಆಂಟೆನಾ ಹೇಗಿದೆ ನೋಡಿಕೊಂಡರೆ ಗೊತ್ತಾಗುತ್ತದೆ. ನಮ್ಮಲ್ಲಿ ಈ ಎರಡನೆಯದೇ ಇದೆ, ಇದಕ್ಕೆ ನನ್ನ ಪೂರ್ತಿ ಅಂಕ. ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಬಗ್ಗೆ ಒಂದು ಮಾತು: ಟವರ್ ಹತ್ತಿರ ಇರುವಾಗ ಅದನ್ನು ಆಫ್ ಮಾಡಿ. ಸಿಗ್ನಲ್ ಅತಿಯಾದರೂ ಚಿತ್ರ ಒಡೆಯುತ್ತದೆ. ಹಳೆಯ ಆಂಟೆನಾ ಆದರೆ ಫಿಲ್ಟರ್ ಕೂಡ ಬೇಕಾಗಬಹುದು. ಹಿಂದೆ ಟಿವಿಗಿದ್ದ 700, 800 ಮೆಗಾಹರ್ಟ್ಸ್ ಅಲೆಗಳನ್ನು ಹಲವು ದೇಶಗಳು ಮೊಬೈಲ್‌ಗೆ ಕೊಟ್ಟಿವೆ. ಪಕ್ಕದ ಮೊಬೈಲ್ ಟವರು ಟಿವಿಯೊಳಗೆ ನುಗ್ಗುತ್ತದೆ.

ಹಳೆಯ ಗಾಡಿಯ ಜೊತೆ ಟಿವಿಯೂ ಬಂದರೆ ಅದರ ಟ್ಯೂನರ್, ಅಂದರೆ ಆಂಟೆನಾದ ಸಿಗ್ನಲ್ ಹಿಡಿಯುವ ಭಾಗ, ಯಾವ ಪದ್ಧತಿಯದು ಅಂತ ನೋಡಿ. ಯುರೋಪಿನಲ್ಲಿ ಡಿವಿಬಿ-ಟಿ ಮತ್ತು ಟಿ2, ಅಮೆರಿಕದಲ್ಲಿ ಎಟಿಎಸ್‌ಸಿ, ಜಪಾನಿನಲ್ಲಿ ಐಎಸ್‌ಡಿಬಿ-ಟಿ. ಒಂದು ಕಡೆಗೆ ಮಾಡಿದ್ದು ಇನ್ನೊಂದು ಕಡೆಯ ಸಿಗ್ನಲ್ ಹಿಡಿಯುವುದಿಲ್ಲ. ಒಂದೇ ದೇಶದಲ್ಲೂ ಪದ್ಧತಿ ಬದಲಾಗುತ್ತದೆ. ಜರ್ಮನಿ 2017ರಲ್ಲಿ ಟಿ2ಗೆ, ಅದೂ ಎಚ್‌ಇವಿಸಿ ಎಂಬ, ವಿಡಿಯೊವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನಕ್ಕೆ ಹೊರಳಿದಾಗ ಹಳೆಯ ಟಿವಿಗಳಿಗೆ ಹೊಸ ಬಾಕ್ಸ್ ಜೋಡಿಸಬೇಕಾಯಿತು.

ಉಪಗ್ರಹದ ಡಿಶ್ ಬಗ್ಗೆ ನನಗೆ ಅರ್ಧ ಮನಸ್ಸು. ಹಿಡಿದರೆ ಚಿತ್ರ ಅದ್ಭುತ, ಊರಿಂದ ಊರಿಗೆ ಚಾನೆಲ್ ಹುಡುಕುವ ಗೋಳೂ ಇಲ್ಲ. ಬಟನ್ ಒತ್ತಿದರೆ ತಾನೇ ಎದ್ದು ಹುಡುಕಿಕೊಳ್ಳುವ ಡಿಶ್‌ಗಳಿವೆ. ಆದರೆ ಈ ಉಪಗ್ರಹಗಳು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಕೂತಿರುತ್ತವೆ. ಉತ್ತರಕ್ಕೆ ಹೋದಷ್ಟೂ ಡಿಶ್ ತಗ್ಗಿನಲ್ಲಿ, ದಕ್ಷಿಣದ ಆಕಾಶದ ಕಡೆ ನೋಡಬೇಕು. ಆ ಕಡೆ ಒಂದು ಮರ ಇದ್ದರೆ ಆಟ ಮುಗಿಯಿತು. ಬೇಸಿಗೆಯಲ್ಲಿ ನೆರಳು ಬೇಕು, ಟಿವಿಗೆ ಬಯಲು ಬೇಕು. ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಗುಮ್ಮಟದೊಳಗಿನ ಡಿಶ್‌ಗೆ ಗಾಳಿಯ ಭಯ ಇಲ್ಲ, ಆದರೆ ಒಳಗಿನ ತಟ್ಟೆ ಚಿಕ್ಕದು, ಜೋರು ಮಳೆಗೆ ಚಿತ್ರ ಬೇಗ ಹೋಗುತ್ತದೆ. ಮಡಚುವ ಡಿಶ್ ದೊಡ್ಡದು, ಬಿರುಗಾಳಿಯಲ್ಲಿ ಎತ್ತುವ ಹಾಗಿಲ್ಲ. ಎಂಜಿನ್ ಶುರು ಮಾಡಿದರೆ ತಾನೇ ಮಡಚಿಕೊಳ್ಳುತ್ತದೆಯಾ ಅಂತ ಕೇಳಿ. ಎತ್ತಿದ ಡಿಶ್‌ನ ನೆರಳು ಸೋಲಾರ್ ಪ್ಯಾನೆಲ್ ಮೇಲೆ ಬಿದ್ದರೆ ಚಾರ್ಜಿಂಗ್ ಬಿದ್ದೇ ಹೋಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎತ್ತರ, ತೂಕ ಎರಡೂ ಏರುತ್ತವೆ. ಯುರೋಪಿನ ಹಲವೆಡೆಯಂತೆ ಸಾಮಾನ್ಯ ಕಾರಿನ ಲೈಸೆನ್ಸಿಗೆ ಗಾಡಿಯ ಒಟ್ಟು ತೂಕದ 3,500 ಕಿಲೋ ಮಿತಿ ಇರುವಲ್ಲಿ ಒಂದೊಂದು ಕಿಲೋನೂ ಲೆಕ್ಕಕ್ಕೆ ಬರುತ್ತದೆ.

ಈಗ ನಾವು ಜಾಸ್ತಿ ನೋಡುವುದು ಇಂಟರ್ನೆಟ್‌ನಲ್ಲೇ. ಸಿಮ್ ಹಾಕುವ ರೂಟರ್, ಚಾವಣಿಯಲ್ಲಿ ಅದರ ಆಂಟೆನಾ. ಲೋಹದ ಮೈಯ ವ್ಯಾನ್ ಆದರೆ ಒಳಗೆ ಮೊಬೈಲ್ ಸಿಗ್ನಲ್ ಸೊರಗುತ್ತದೆ, ಅದಕ್ಕೇ ಹೊರಗಿನ ಆಂಟೆನಾ. ಕ್ಯಾಂಪ್‌ಸೈಟಿನ ವೈಫೈ ನಂಬಬೇಡಿ, ಸಂಜೆ ಎಲ್ಲರೂ ಒಟ್ಟಿಗೆ ಕೂತರೆ ಅದು ಏಳುವುದಿಲ್ಲ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಡೇಟಾ ಹೋಗುತ್ತದೆ, 4ಕೆ ಆದರೆ 7 ಜಿಬಿವರೆಗೂ. ಒಂದೂವರೆ ಮೀಟರ್ ದೂರದಲ್ಲಿ 24 ಇಂಚಿನ ಪರದೆಗೆ 4ಕೆ ದಂಡ. ಆ್ಯಪ್‌ನಲ್ಲಿ ಗುಣಮಟ್ಟ ಇಳಿಸಿಬಿಡಿ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆ ಹೋಗುವವರು ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಮಿನಿ ನೋಡಬಹುದು. ಅದು ನೇರ 12 ವೋಲ್ಟಿನಲ್ಲೇ ನಡೆಯುತ್ತದೆ, ಆದರೆ 25ರಿಂದ 40 ವ್ಯಾಟ್ ಎಳೆಯುತ್ತದೆ. ಅಂದರೆ ಇನ್ನೊಂದು ಟಿವಿ ಇಟ್ಟಷ್ಟೇ ಖರ್ಚು. ಮೇಲಿನ ಬ್ಯಾಟರಿ ಲೆಕ್ಕಕ್ಕೆ ಇದನ್ನೂ ಸೇರಿಸಿ.

ಪರದೆಯಲ್ಲಿ ನಾನು ನೋಡುವುದು ಒಂದೇ ವಿಷಯ, ಓರೆಯಿಂದ ನೋಡಿದರೂ ಚಿತ್ರ ಅಷ್ಟಾಗಿ ಕೆಡದ ಐಪಿಎಸ್ ಪ್ಯಾನೆಲ್ಲಾ ಅಂತ. ಗಾಡಿಯಲ್ಲಿ ಯಾರೂ ಟಿವಿಗೆ ನೇರ ಎದುರು ಕೂರುವುದಿಲ್ಲ. ಒಬ್ಬರು ಸೀಟು ತಿರುಗಿಸಿಕೊಂಡು, ಇನ್ನೊಬ್ಬರು ಹಾಸಿಗೆಯಲ್ಲಿ ಮಲಗಿ ಕೆಳಗಿನಿಂದ ನೋಡುತ್ತಾರೆ. ಟಿಎನ್ ಎಂಬ ಇನ್ನೊಂದು ಬಗೆಯ ಪ್ಯಾನೆಲ್ ಆದರೆ ಕೆಳಗಿನಿಂದ ನೋಡಿದವರಿಗೆ ರಾತ್ರಿಯ ದೃಶ್ಯಗಳು ಬರೀ ಕಪ್ಪು. ಅಂಗಡಿಯವರು ಹಾಕುವ ಬಣ್ಣ ಬಣ್ಣದ ವಿಡಿಯೊ ಬಿಟ್ಟು ಒಂದು ಕತ್ತಲೆ ದೃಶ್ಯ ಹಾಕಿಸಿ, ಮಲಗಿ ನೋಡಿ. ನಾಚಿಕೆ ಬೇಡ.

ಬ್ರಾಕೆಟ್‌ಗೆ ಲಾಕ್ ಇರಲಿ. ಕುಲುಕಾಟಕ್ಕೆ ಆಂಟೆನಾ ಕೇಬಲ್‌ನ ತುದಿ ಸಡಿಲವಾಗುತ್ತದೆ, ಚಿತ್ರ ಹೋದರೆ ಮೊದಲು ಅದನ್ನೇ ಬಿಗಿ ಮಾಡಿ. ಕೊರೆವ ಚಳಿಯಲ್ಲಿ ನಿಂತಿದ್ದ ಗಾಡಿಯ ಒಳಗೆ ಹೀಟರ್ ಹಾಕಿದರೆ ತಣ್ಣನೆಯ ಟಿವಿಯ ಮೇಲೆ ನೀರು ಕೂರಬಹುದು, ಬೆಚ್ಚಗಾಗುವ ತನಕ ಆನ್ ಮಾಡಬೇಡಿ.

ದನಿ ಎಲ್ಲ ಚಿಕ್ಕ ಟಿವಿಗಳಲ್ಲೂ ಪೇಲವ. ಹೀಟರ್ ಫ್ಯಾನ್ ಓಡುವಾಗ ಮಾತು ಕೇಳುವುದೇ ಇಲ್ಲ. ಕೆಲವರು ಕ್ಯಾಬಿನ್ನಿನ ಸ್ಟೀರಿಯೊಗೆ ಜೋಡಿಸುತ್ತಾರೆ. ಹಲವು ಗಾಡಿಗಳಲ್ಲಿ ಅದು ನಡೆಯುವುದು ಎಂಜಿನ್ ಬ್ಯಾಟರಿಯಿಂದ, ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಆಶ್ಚರ್ಯ ಬೇಡ. ಚಾರ್ಜ್ ಮಾಡುವ ಚಿಕ್ಕ ಬ್ಲೂಟೂತ್ ಸ್ಪೀಕರ್ ಸಾಕು, ತುಟಿಗೂ ಮಾತಿಗೂ ಹೊಂದಿಕೆ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ನಮ್ಮ ಟಿವಿಯ 'ಸ್ಮಾರ್ಟ್' ಭಾಗಕ್ಕೆ ಅಪ್‌ಡೇಟ್ ಬರುವುದು ಎಂದೋ ನಿಂತಿದೆ, ಆ್ಯಪ್‌ಗಳು ಒಂದೊಂದಾಗಿ ಮಲಗಿವೆ. ಎಚ್‌ಡಿಎಂಐಗೆ ಒಂದು ಸ್ಟಿಕ್ ಚುಚ್ಚಿದ್ದೇವೆ, ಎಲ್ಲ ಅದರಲ್ಲೇ ನಡೆಯುತ್ತಿದೆ. ಪರದೆ ಮಾತ್ರ ಗಟ್ಟಿಯಾಗಿದೆ. ಇದು ಕೆಟ್ಟರೆ ಮುಂದಿನದು ಸ್ಮಾರ್ಟ್ ಅಲ್ಲದ, 12 ವೋಲ್ಟಿನ, ಬರೀ ಒಂದು ಒಳ್ಳೆಯ ಐಪಿಎಸ್ ಪರದೆ. ವೈರು, ಆಂಟೆನಾ ಮುಟ್ಟುವುದಿಲ್ಲ.